ಓಡುವ ನಾಯಿಗೆ ನಿಲ್ಲುವ ಹಕ್ಕು

ಸಾವಿರ ಮೈಲಿ ಹಿಮದಾರಿ, ಹದಿನಾರು ನಾಯಿ, ಅರವತ್ತನಾಲ್ಕು ಪಾದ. ಒಂದು ಬೆರಳ ಸಂದು ಸೀಳಿದರೂ ಲೆಕ್ಕಾಚಾರವೆಲ್ಲ ತಲೆಕೆಳಗು. ಅಲಾಸ್ಕದ ಇಡಿಟರಾಡ್ ಓಟದಲ್ಲಿ ಗಾಯಗೊಂಡ ಪಾದಕ್ಕೆ ಆರೈಕೆ ಹೇಗೆ? ನಾಯಿಯನ್ನು ನಿಲ್ಲಿಸುವುದು ಯಾವಾಗ? ನಿಂತ ನಾಯಿ ಹೋಗುವುದೆಲ್ಲಿಗೆ?

ಮ್ಯಾಕ್‌ಗ್ರಾತ್ ಎಂಬ ಪುಟ್ಟ ಊರು. ಪಕ್ಕದ ಕುಸ್ಕೊಕ್ವಿಮ್ ನದಿ ಕಲ್ಲಿನಂತೆ ಹೆಪ್ಪುಗಟ್ಟಿದೆ. ನಡುರಾತ್ರಿ, ಉಷ್ಣಾಂಶ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ. ಕತ್ತಲೊಳಗಿಂದ ತಲೆದೀಪವೊಂದು ಮಿಣುಕುತ್ತ ಹತ್ತಿರವಾಗುತ್ತದೆ. ಅದರ ಮುಂದೆ ಜೋಡಿ ಜೋಡಿಯಾಗಿ ನಾಯಿಗಳು. ಅವುಗಳ ಮೀಸೆಯ ಮೇಲೆಲ್ಲ ಮಂಜಿನ ಹರಳು.

ಬಂಡಿ ನಿಂತದ್ದೇ ತಡ, ನಡೆಸುವವಳು ಕೆಳಗಿಳಿಯುತ್ತಾಳೆ. ತನ್ನ ಹೊಟ್ಟೆಗೆ, ತನ್ನ ಬಾಯಾರಿಕೆಗೆ ಈಗ ಸಮಯವಿಲ್ಲ. ನೇರ ಮುಂದಿನ ನಾಯಿಯ ಬಳಿ ಮಂಡಿಯೂರಿ, ಪಾದಕ್ಕೆ ಸುತ್ತಿದ ಪಟ್ಟಿಯನ್ನು ಚರ್ರನೆ ಬಿಚ್ಚಿ ಬಟ್ಟೆಯ ಪುಟ್ಟ ಚೀಲವನ್ನು ಎಳೆದು ತೆಗೆಯುತ್ತಾಳೆ. ಒಂದು, ಎರಡು, ಮೂರು, ನಾಲ್ಕು. ಮುಂದಿನ ನಾಯಿ. ಮತ್ತೆ ನಾಲ್ಕು. ಹುಲ್ಲಿನ ಪಿಂಡಿ ಬಿಚ್ಚಿ ಹರಡುತ್ತಿದ್ದಂತೆ ನಾಯಿಗಳು ಮೂರು ಸುತ್ತು ತಿರುಗಿ, ಬಾಲದಲ್ಲಿ ಮೂಗು ಮುಚ್ಚಿ ಮಲಗುತ್ತವೆ.

ಒಂದು ಮಾತ್ರ ಮಲಗಿಲ್ಲ. ಎಡ ಮುಂಗಾಲನ್ನು ನೆಲದಿಂದ ಎತ್ತಿ ಹಿಡಿದು ನಿಂತಿದೆ.

ಪಶುವೈದ್ಯೆ ಬಂದು ಹುಲ್ಲಿನ ಮೇಲೆ ಕೂರುತ್ತಾಳೆ. ಪಾದವನ್ನು ಅಂಗೈಯಲ್ಲಿಟ್ಟು ಬೆರಳುಗಳನ್ನು ಮೆಲ್ಲಗೆ ಅಗಲಿಸಿ ಬೆಳಕು ಬಿಡುತ್ತಾಳೆ. ಎರಡು ಬೆರಳ ನಡುವಿನ ತೆಳು ಚರ್ಮದಲ್ಲಿ ಉಗುರಿನಷ್ಟು ಉದ್ದದ ಕೆಂಪು ಗೆರೆ. ಒತ್ತಿದರೆ ನಾಯಿ ಕಾಲು ಹಿಂದೆಳೆದುಕೊಳ್ಳುತ್ತದೆ. ಮಣಿಕಟ್ಟು ಮಡಿಸಿ ನೋಡುತ್ತಾಳೆ, ಭುಜ ಅದುಮಿ ನೋಡುತ್ತಾಳೆ, ಬಳಿಕ ಮಷರ್‌ಳ ಪುಸ್ತಕದಲ್ಲಿ ಎರಡು ಸಾಲು ಗೀಚುತ್ತಾಳೆ.

ಮಷರ್ ಎಂದರೆ ನಾಯಿಬಂಡಿ ನಡೆಸುವವರು. ಪ್ರತಿ ಮಾರ್ಚ್‌ನಲ್ಲಿ, ಅಲಾಸ್ಕದ ಇಪ್ಪತ್ತಕ್ಕೂ ಹೆಚ್ಚು ತಂಗುದಾಣಗಳಲ್ಲಿ ಅವರ ಮುಂದೆ ಇದೇ ಪ್ರಶ್ನೆ ಎದ್ದು ನಿಲ್ಲುತ್ತದೆ: ಈ ನಾಯಿ ನಾಳೆ ಓಡಬೇಕೆ, ಇಲ್ಲೇ ಉಳಿಯಬೇಕೆ?

ಓಟದ ಹಿಂದೊಂದು ಕಾಯಿಲೆ

ಇಡಿಟರಾಡ್ ಜಗತ್ತಿನ ಅತಿ ಹೆಸರುವಾಸಿ ನಾಯಿಬಂಡಿ ಓಟ. ಮಾರ್ಚ್ ತಿಂಗಳ ಮೊದಲ ಶನಿವಾರ ಆಂಕರೇಜ್ ನಗರದಲ್ಲಿ ಮೆರವಣಿಗೆಯಂತೆ ಶುರುವಾಗಿ, ಮರುದಿನ ನಿಜವಾದ ಸ್ಪರ್ಧೆಗೆ ಚಾಲನೆ ಸಿಗುತ್ತದೆ. ಬೆಟ್ಟಸಾಲು, ಯೂಕಾನ್ ನದಿ, ಬೇರಿಂಗ್ ಸಮುದ್ರದ ಅಂಚು ದಾಟಿ ನೋಮ್ ಪಟ್ಟಣದಲ್ಲಿ ಕೊನೆ. ದೂರ ಸುಮಾರು 1,600 ಕಿಲೋಮೀಟರ್.

1973ರಲ್ಲಿ ಮೊದಲ ಬಾರಿ ನೋಮ್‌ವರೆಗೆ ಈ ಓಟ ನಡೆದಾಗ ಗೆದ್ದ ಡಿಕ್ ವಿಲ್ಮಾರ್ತ್ ತೆಗೆದುಕೊಂಡದ್ದು ಇಪ್ಪತ್ತು ದಿನ. 2017ರಲ್ಲಿ ಮಿಚ್ ಸೀವಿ ಫೇರ್‌ಬ್ಯಾಂಕ್ಸ್‌ನಿಂದ ಹೊರಟ ಬದಲಿ ದಾರಿಯನ್ನು 8 ದಿನ 3 ಗಂಟೆ 40 ನಿಮಿಷದಲ್ಲಿ ಮುಗಿಸಿದರು. ಓಟ ಆರಂಭಿಸಿದ ಜೋ ರೆಡಿಂಗ್ಟನ್ ಅವರಿಗೆ ದಾಖಲೆಗಳಿಗಿಂತ ದೊಡ್ಡ ಆಸೆಯೊಂದಿತ್ತು. ಹಿಮದ ಮೇಲೆ ಓಡುವ ಮೋಟಾರು ಬಂಡಿಗಳು ಬಂದು ಹಳ್ಳಿಗಳಿಂದ ನಾಯಿಗಳೇ ಮಾಯವಾಗುತ್ತಿದ್ದ ಕಾಲ ಅದು. ಆ ನಾಯಿಗಳನ್ನೂ ಅವು ಓಡಿದ ದಾರಿಯನ್ನೂ ಉಳಿಸಿಕೊಳ್ಳಬೇಕೆಂದು ಅವರು ಹಟ ಹಿಡಿದರು.

ಆ ದಾರಿಗೆ ಕೀರ್ತಿ ತಂದದ್ದು 1925ರ ಚಳಿಗಾಲ. ನೋಮ್‌ನಲ್ಲಿ ಮಕ್ಕಳಿಗೆ ಗಂಟಲಮಾರಿ ಹಬ್ಬಿತ್ತು. ಊರಿನ ವೈದ್ಯ ಕರ್ಟಿಸ್ ವೆಲ್ಚ್ ಅವರ ಬಳಿ ಕೆಲಸಕ್ಕೆ ಬರುವ ಔಷಧ ಇರಲಿಲ್ಲ. ಹಡಗಿಗೆ ಸಮುದ್ರ ಹೆಪ್ಪುಗಟ್ಟಿತ್ತು, ವಿಮಾನ ನಂಬುವಂತಿರಲಿಲ್ಲ. ಮೂರು ಲಕ್ಷ ಯೂನಿಟ್ ಸೀರಮ್ ರೈಲಿನಲ್ಲಿ ನೆನಾನಾ ಎಂಬ ಊರು ತಲುಪಿತು. ಅಲ್ಲಿಂದ 674 ಮೈಲಿಯನ್ನು ಇಪ್ಪತ್ತು ಮಷರ್‌ಗಳು, ಸುಮಾರು 150 ನಾಯಿಗಳು ಕೈಯಿಂದ ಕೈಗೆ ದಾಟಿಸಿ ಐದೂವರೆ ದಿನದಲ್ಲಿ ಮುಗಿಸಿದರು.

ಈ ಕತೆ ಹೇಳುವಾಗ ಬಾಲ್ಟೊ ಎಂಬ ನಾಯಿಯ ಹೆಸರು ಎಲ್ಲರ ಬಾಯಲ್ಲಿ ಬರುತ್ತದೆ. ಕೊನೆಯ ಹಂತದಲ್ಲಿ ಫೆಬ್ರುವರಿ 2ರ ಬೆಳಗಿನ ಜಾವ ನೋಮ್ ಮುಟ್ಟಿದ ತಂಡದ ಮುಂದಾಳು ಅದು. ಅದೇ ವರ್ಷ ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ನಲ್ಲಿ ಅದರ ಪ್ರತಿಮೆಯೂ ನಿಂತಿತು. ಆದರೆ ಆ ಓಟದ ಜಾಣ್ಮೆ ಅಡಗಿದ್ದುದು ಹಂಚಿಕೆಯಲ್ಲಿ. ಒಂದೇ ತಂಡ ಅಷ್ಟು ದೂರ ಅಷ್ಟು ಬೇಗ ಓಡಿದ್ದರೆ ನಾಯಿಗಳು ದಾರಿಯಲ್ಲೇ ಬೀಳುತ್ತಿದ್ದವು. ದಣಿದವು ನಿಂತವು, ದಣಿಯದವು ಮುಂದೆ ಒಯ್ದವು.

ಹಾಗಿದ್ದೂ ಬೆಲೆ ತೆರಬೇಕಾಯಿತು. ಸೊನ್ನೆಗಿಂತ 45 ಡಿಗ್ರಿಗೂ ಕೆಳಗಿನ ಚಳಿಯಲ್ಲಿ ಮೊದಲ ಹಂತ ಓಡಿದ ಬಿಲ್ ಶಾನನ್, ಮಿಂಟೊ ಎಂಬಲ್ಲಿ ನಾಲ್ಕು ಗಂಟೆ ನಿಂತು, ಸೋತ ನಾಯಿಗಳನ್ನು ಅಲ್ಲೇ ಬಿಟ್ಟು ಉಳಿದವುಗಳೊಂದಿಗೆ ಮುಂದುವರಿದರು. ಅತಿ ಉದ್ದದ, ಅತಿ ಅಪಾಯದ ದಾರಿ ಓಡಿದ್ದು ಲಿಯೊನ್‌ಹಾರ್ಡ್ ಸೆಪ್ಪಾಲ ಅವರ ತಂಡ. ಅದರ ಮುಂದಾಳು ಟೋಗೊಗೆ ಆಗ ಹನ್ನೆರಡು ವರ್ಷ. ಇಂದು ಅದರ ದೇಹವನ್ನು ವಸಿಲ್ಲಾದ ಇಡಿಟರಾಡ್ ಕಚೇರಿಯಲ್ಲಿ ಕಾಪಿಟ್ಟಿದ್ದಾರೆ.

ಆ ಸೀರಮ್ ಓಟಕ್ಕೆ 2025ರಲ್ಲಿ ನೂರು ತುಂಬಿತು. ಶತಮಾನದ ನೆನಪಿನ ವರ್ಷವೇ ಹಿಮ ಸಾಲದೆ ಇಡಿಟರಾಡ್‌ನ ಆರಂಭವನ್ನು ಫೇರ್‌ಬ್ಯಾಂಕ್ಸ್‌ಗೆ ಸ್ಥಳಾಂತರಿಸಬೇಕಾಯಿತು. ದಾರಿ 1,128 ಮೈಲಿಗೆ ಬೆಳೆದು ಓಟದ ಇತಿಹಾಸದಲ್ಲೇ ಅತಿ ಉದ್ದದ್ದಾಯಿತು.

---

ಓಟದ ಲೆಕ್ಕ

● ಒಂದು ತಂಡದಲ್ಲಿ ಗರಿಷ್ಠ 16 ನಾಯಿ. ನೋಮ್ ತಲುಪುವಾಗ ಕನಿಷ್ಠ 5 ಇರಲೇಬೇಕು.

● ಹೊರಟ ಮೇಲೆ ಹೊಸ ನಾಯಿ ಸೇರಿಸುವಂತಿಲ್ಲ. ನಿಲ್ಲಿಸಿದ ನಾಯಿ ಮತ್ತೆ ಓಟಕ್ಕೆ ಬರುವಂತಿಲ್ಲ.

● ಪ್ರತಿ ನಾಯಿಗೂ 8 ಬೂಟಿಗಳು (ಪಾದಕ್ಕೆ ತೊಡಿಸುವ ಬಟ್ಟೆಯ ಚೀಲ) ಬಂಡಿಯಲ್ಲಿ ಸದಾ ಇರಬೇಕು.

● ಕಡ್ಡಾಯ ವಿಶ್ರಾಂತಿ: ಒಮ್ಮೆ 24 ಗಂಟೆ, ಯೂಕಾನ್ ನದಿಯ ಬಳಿ 8 ಗಂಟೆ, ವೈಟ್ ಮೌಂಟನ್ ತಂಗುದಾಣದಲ್ಲಿ 8 ಗಂಟೆ.

● ಓಟದ ದಿನಗಳಲ್ಲಿ ಒಂದು ನಾಯಿಗೆ ದಿನಕ್ಕೆ ಸುಮಾರು 10,000 ಕ್ಯಾಲೊರಿ ಆಹಾರ ಬೇಕು.

---

ಪಾದದೊಳಗಿನ ಕುಶಲತೆ

ಇಷ್ಟು ಚಳಿಯಲ್ಲಿ ಬರಿಗಾಲು ಹೆಪ್ಪುಗಟ್ಟುವುದಿಲ್ಲವೇಕೆ? ಟೋಕಿಯೊದ ಯಾಮಾಜಾಕಿ ಗಕುಯೆನ್ ವಿಶ್ವವಿದ್ಯಾಲಯದ ಹಿರೊಯೊಶಿ ನಿನೊಮಿಯಾ ಮತ್ತು ಸಂಗಡಿಗರು ನಾಯಿಯ ಅಂಗಾಲಿನ ರಕ್ತನಾಳಗಳ ಅಚ್ಚು ತೆಗೆದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ 2011ರಲ್ಲಿ ಉತ್ತರ ಕೊಟ್ಟರು. ಪಾದಕ್ಕೆ ಬಿಸಿರಕ್ತ ತರುವ ಅಪಧಮನಿಗಳನ್ನು ಸುತ್ತುವರಿದು ಸಣ್ಣ ಅಭಿಧಮನಿಗಳ ಜಾಲವಿದೆ. ಹಿಮ ತಾಗಿ ತಣ್ಣಗಾದ ರಕ್ತ ಮೇಲೇರುವಾಗ ಕೆಳಗಿಳಿಯುವ ರಕ್ತದಿಂದ ಬಿಸಿ ಪಡೆಯುತ್ತದೆ. ಮೈಯ ಶಾಖ ನೆಲಕ್ಕೆ ಸೋರಿಹೋಗುವುದಿಲ್ಲ, ಅಂಗಾಲೂ ಮರಗಟ್ಟುವುದಿಲ್ಲ.

ಚಳಿಗೆ ಜಗ್ಗದ ಈ ಪಾದ ಸವೆತಕ್ಕೆ ಸೋಲುತ್ತದೆ.

ನಾಯಿಯ ಅಂಗಾಲಿನಲ್ಲಿ ಬೆರಳಿಗೊಂದರಂತೆ ನಾಲ್ಕು ಮೆತ್ತೆ, ನಡುವೆ ದೊಡ್ಡದೊಂದು. ಹೊರಗೆ ದಪ್ಪ ಒರಟು ಚರ್ಮ, ಒಳಗೆ ಆಘಾತ ಹೀರುವ ಕೊಬ್ಬು. ಮೆತ್ತೆ ಗಟ್ಟಿ, ಬೆರಳ ಸಂದಿನ ಚರ್ಮ ಬಲು ನಾಜೂಕು. ತೊಂದರೆ ಹೆಚ್ಚಾಗಿ ಶುರುವಾಗುವುದು ಆ ಸಂದಿನಲ್ಲೇ.

ಹಿಮ ಎಂದರೆ ಎಲ್ಲ ಒಂದೇ ಅಲ್ಲ. ತೀರಾ ಚಳಿ ಇದ್ದಾಗ ಅದರ ಹರಳುಗಳು ಗಡುಸಾಗಿ, ಒಣಗಿ, ಅಂಗಾಲನ್ನು ಉಪ್ಪುಕಾಗದದಂತೆ ಉಜ್ಜುತ್ತವೆ. ಹವೆ ಸೊನ್ನೆಯ ಹತ್ತಿರಕ್ಕೆ ಬಂದರೆ ಒದ್ದೆ ಹಿಮ ಬೆರಳ ನಡುವಿನ ಕೂದಲಿಗೆ ಅಂಟಿ ಗೋಲಿಯಾಗುತ್ತದೆ; ಹೆಜ್ಜೆ ಹೆಜ್ಜೆಗೂ ಬೆರಳುಗಳನ್ನು ಅಗಲಿಸಿ ಸಂದನ್ನು ಸೀಳುತ್ತದೆ. ಕರಗಿ ಮತ್ತೆ ಹೆಪ್ಪುಗಟ್ಟಿದ ಪದರಕ್ಕೆ ಗಾಜಿನ ಅಂಚು. ಅದು ಮೆತ್ತೆಯನ್ನು ಕೊಯ್ಯುತ್ತದೆ, ಉಗುರು ಕೀಳುತ್ತದೆ. ಇನ್ನು ನದಿಯ ಮಂಜುಗಡ್ಡೆಯ ಮೇಲೆ ಉಕ್ಕಿ ಹರಿಯುವ ನೀರು. ಅದರಲ್ಲಿ ಕಾಲಿಟ್ಟ ನಾಯಿಯ ಬೂಟಿಯನ್ನು ಕೂಡಲೇ ಬದಲಿಸದಿದ್ದರೆ ಬಟ್ಟೆಯೇ ಬರ್ಫವಾಗಿ ಪಾದವನ್ನು ಕಚ್ಚುತ್ತದೆ.

ಅರವತ್ತನಾಲ್ಕು ಬೂಟಿ, ಬರಿಗೈ

ಬೂಟಿ ಎಂದರೆ ಬೆರಳಿಲ್ಲದ ಸಾದಾ ಚೀಲ. ಇಂದು ಕಾರ್ಡುರಾ ಎಂಬ ಗಟ್ಟಿ ನೈಲಾನ್ ಬಟ್ಟೆಯಲ್ಲಿ ಹೊಲಿದು, ಮೇಲೊಂದು ಹಿಗ್ಗುವ ಪಟ್ಟಿ ಇಟ್ಟಿರುತ್ತಾರೆ. ಇಡಿಟರಾಡ್‌ಗೆ ಹೊರಡುವ ಒಂದು ತಂಡ ಸಾವಿರಕ್ಕೂ ಮಿಕ್ಕಿ ಬೂಟಿ ಕಟ್ಟಿಕೊಂಡಿರುತ್ತದೆ. ಓಟಕ್ಕೆ ಮೊದಲೇ ಅವನ್ನು ಚೀಲಗಳಲ್ಲಿ ತುಂಬಿ ವಿಮಾನದಲ್ಲಿ ತಂಗುದಾಣಗಳಿಗೆ ಕಳುಹಿಸಿಬಿಡುತ್ತಾರೆ.

ಇದು ಇಂದಿನ ಕಂಪನಿಗಳ ಕಂಡುಹಿಡಿಕೆಯಲ್ಲ. ವಸಂತದಲ್ಲಿ ಸಮುದ್ರದ ಮಂಜುಗಡ್ಡೆ ಸೂಜಿಮೊನೆಯಾದಾಗ ಇನ್ಯೂಟ್ ಜನ ತಮ್ಮ ನಾಯಿಗಳಿಗೆ ಸೀಲ್ ಚರ್ಮದ ಪಾದರಕ್ಷೆ ಕಟ್ಟುತ್ತಿದ್ದರು. ಕ್ಲೊಂಡೈಕ್‌ನ ಚಿನ್ನದ ಬೇಟೆಯನ್ನು ಕಣ್ಣಾರೆ ಕಂಡಿದ್ದ ಜಾಕ್ ಲಂಡನ್ 1903ರ ತನ್ನ ‘ದಿ ಕಾಲ್ ಆಫ್ ದಿ ವೈಲ್ಡ್’ ಕಾದಂಬರಿಯಲ್ಲಿ ಇದನ್ನೇ ಚಿತ್ರಿಸಿದ್ದಾನೆ. ನಾಡಿನಿಂದ ಕದ್ದು ತಂದ ಬಕ್ ಎಂಬ ನಾಯಿಯ ಪಾದ ಮೆದು. ಬಂಡಿಯಾಳು ಫ್ರಾನ್ಸ್ವಾ ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಅದರ ಪಾದ ಉಜ್ಜುತ್ತಾನೆ. ತನ್ನ ಪಾದರಕ್ಷೆಯ ಮೇಲ್ಭಾಗ ಕತ್ತರಿಸಿ ನಾಯಿಗೆ ನಾಲ್ಕು ಪುಟ್ಟ ಜೋಡು ಹೊಲಿದುಕೊಡುತ್ತಾನೆ. ಒಂದು ಬೆಳಿಗ್ಗೆ ಅವನು ಅದನ್ನು ತೊಡಿಸಲು ಮರೆತಾಗ ಬಕ್ ಅಂಗಾತ ಮಲಗಿ, ನಾಲ್ಕೂ ಕಾಲು ಮೇಲೆತ್ತಿ ಆಡಿಸುತ್ತ ಹೊರಡಲು ಒಪ್ಪುವುದಿಲ್ಲ.

ಬೂಟಿ ತೊಡಿಸುವುದೂ ಒಂದು ಕಸುಬು. ಪಟ್ಟಿ ಸಡಿಲವಾದರೆ ಚೀಲ ದಾರಿಯಲ್ಲಿ ಕಳಚಿಬೀಳುತ್ತದೆ. ಬಿಗಿಯಾದರೆ ರಕ್ತ ಓಡಾಡದೆ ಪಾದ ಊದುತ್ತದೆ. ಸಣ್ಣ ತೂತು ಬಿದ್ದರೂ ಒಳಗೆ ಹಿಮ ಸೇರಿ ಗಟ್ಟಿಯಾಗಿ, ಕಾಪಾಡಬೇಕಾದ ಬಟ್ಟೆಯೇ ಗಾಯ ಮಾಡುತ್ತದೆ. ಇಷ್ಟು ನಾಜೂಕಿನ ಕೆಲಸ ದಪ್ಪ ಕೈಗವಸಿನಲ್ಲಿ ಆಗುವುದಿಲ್ಲ. ಹದಿನಾರು ನಾಯಿಗೆ ಅರವತ್ತನಾಲ್ಕು ಬೂಟಿ. ಆ ಚಳಿಯಲ್ಲಿ ಬರಿ ಬೆರಳಲ್ಲೇ ಕಟ್ಟಬೇಕು. ಮಷರ್‌ಗಳ ಬೆರಳ ತುದಿ ಬಿರಿದು ರಕ್ತ ಜಿನುಗುವುದು ಇದೇ ಕಾರಣಕ್ಕೆ.

ನಾಯಿ ಬೆವರುವುದು ಮುಖ್ಯವಾಗಿ ಅಂಗಾಲಿನಲ್ಲಿ. ಮುಚ್ಚಿದ ಪಾದ ಒಳಗೇ ಒದ್ದೆಯಾಗಿ ಮೆತ್ತಗಾಗುತ್ತದೆ. ಮೆತ್ತಗಾದ ಚರ್ಮ ಬೇಗ ಸೀಳುತ್ತದೆ. ಆದ್ದರಿಂದಲೇ ಬಂಡಿ ನಿಂತ ಕೂಡಲೇ ಬೂಟಿ ಬಿಚ್ಚುವುದು, ವಿಶ್ರಾಂತಿ ಮುಗಿಯುವವರೆಗೆ ಪಾದವನ್ನು ಗಾಳಿಗೆ ಬಿಡುವುದು.

ಮುಲಾಮು, ಮಾಲಿಷು, ನಿದ್ದೆ

ಆರೈಕೆಯ ಕ್ರಮ ಎಲ್ಲ ಮಷರ್‌ಗಳಿಗೂ ಹೆಚ್ಚುಕಡಿಮೆ ಒಂದೇ. ಬೂಟಿ ಬಿಚ್ಚಿ, ಬೆರಳ ಸಂದಿನ ಮಂಜುಗೋಲಿಗಳನ್ನು ತೆಗೆಯಬೇಕು. ಹುಲ್ಲು ಹಾಸಬೇಕು. ಒಲೆ ಹೊತ್ತಿಸಿ ಹಿಮ ಕರಗಿಸಿ, ಮಾಂಸ ಬೆರೆಸಿದ ಬಿಸಿನೀರು ಕುಡಿಸಬೇಕು. ಹೊಟ್ಟೆ ತುಂಬಿದ ಮೇಲೆ ಒಂದೊಂದೇ ಪಾದ ಹಿಡಿದು ಪರೀಕ್ಷೆ: ಕೆಂಪಾಗಿದೆಯೆ, ಬಿಸಿಯಾಗಿದೆಯೆ, ಊದಿದೆಯೆ, ಉಗುರಿನ ಬುಡ ಸಡಿಲವೆ?

ಕೆಂಪಾದ ಸಂದಿಗೆ ಸತುವಿನ ಅಥವಾ ಸೋಂಕು ತಡೆಯುವ ಮುಲಾಮು. ಮಣಿಕಟ್ಟು ಊದಿದ್ದರೆ ಮೇಲ್ಮುಖವಾಗಿ ನೀವಿ, ಬೆಚ್ಚಗಿನ ಪಟ್ಟಿ ಸುತ್ತುತ್ತಾರೆ. ಇದೆಲ್ಲ ಮುಗಿಯುವಷ್ಟರಲ್ಲಿ ಎರಡು ಗಂಟೆ ಸರಿದಿರುತ್ತದೆ. ನಾಯಿಗಳು ಗಾಢ ನಿದ್ದೆಯಲ್ಲಿರುತ್ತವೆ. ಮಷರ್‌ಗೆ ಸಿಗುವುದು ಕೋಳಿನಿದ್ದೆ.

ನಿದ್ದೆಯೇ ಇಲ್ಲಿ ದೊಡ್ಡ ಮದ್ದು. ಹೆಚ್ಚಿನ ತಂಡಗಳು ಐದಾರು ಗಂಟೆ ಓಡಿ, ಹತ್ತಿರಹತ್ತಿರ ಅಷ್ಟೇ ಹೊತ್ತು ಮಲಗುತ್ತವೆ. ಊತ ಇಳಿಯುವುದು, ಚರ್ಮ ಒಣಗುವುದು, ಮಾಂಸಖಂಡ ಚೇತರಿಸಿಕೊಳ್ಳುವುದು ಆ ಹೊತ್ತಿನಲ್ಲೇ. ಮೇಲುಮೇಲಿನ ಸೀಳು ಕೆಲವೇ ದಿನಗಳಲ್ಲಿ ಕೂಡಿಕೊಳ್ಳಬಹುದು. ಮೆತ್ತೆಯೇ ಕೊಯ್ದುಹೋದರೆ ವಾರಗಳು ಬೇಕು, ಏಕೆಂದರೆ ಪ್ರತಿ ಹೆಜ್ಜೆಯ ಭಾರವೂ ಆ ಗಾಯವನ್ನು ಮತ್ತೆ ತೆರೆಯುತ್ತದೆ.

ನೋವು ಮರೆಸುವ ಮದ್ದು ಕೊಟ್ಟು ಓಡಿಸಿದರಾಯಿತಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ಇಡಿಟರಾಡ್ ನಿಯಮ ಅಲ್ಲೇ ಬಿಗಿಯಾಗಿದೆ. ಕಾಯಿಲೆಯ ಅಥವಾ ಗಾಯದ ಲಕ್ಷಣ ಮುಚ್ಚಿಹಾಕುವ ಯಾವ ಔಷಧವನ್ನೂ ಬಾಯಿಗೆ ಕೊಡುವಂತಿಲ್ಲ, ಮೈಗೆ ಹಚ್ಚುವಂತಿಲ್ಲ, ಚುಚ್ಚುವಂತಿಲ್ಲ. ನೋವುನಿವಾರಕ, ಉರಿಯೂತ ತಗ್ಗಿಸುವ ಮಾತ್ರೆ, ಸ್ಟಿರಾಯ್ಡ್ ಎಲ್ಲ ನಿಷಿದ್ಧ. ಮಾತು ಬಾರದ ಪ್ರಾಣಿಗೆ ಕುಂಟುವಿಕೆಯೇ ದೂರು ಹೇಳುವ ದಾರಿ. ಅದನ್ನು ಅಡಗಿಸುವುದು ಅದರ ಬಾಯಿ ಕಟ್ಟಿದಂತೆಯೇ.

ಪ್ರತಿ ತಂಗುದಾಣದಲ್ಲೂ ಸ್ವಯಂಸೇವಕ ಪಶುವೈದ್ಯರು ಇರುತ್ತಾರೆ. ಹೃದಯ, ನೀರಿನಂಶ, ಹಸಿವು, ಹುರುಪು, ತೂಕ, ಶ್ವಾಸಕೋಶ ಅವರ ಪರೀಕ್ಷೆಯ ಪಟ್ಟಿ. ಜತೆಗೆ ಕಾಲು ಕೀಲುಗಳು. ಕಂಡದ್ದನ್ನು ಮಷರ್ ಬಳಿಯ ಪುಸ್ತಕದಲ್ಲಿ ಬರೆಯುತ್ತಾರೆ. ಆ ಪುಸ್ತಕ ಬಂಡಿಯಲ್ಲೇ ಮುಂದಿನ ಊರಿಗೆ ಹೋಗಿ ಅಲ್ಲಿನ ವೈದ್ಯರ ಕೈ ಸೇರುತ್ತದೆ. ಮಷರ್ ಮುಚ್ಚಿಟ್ಟರೂ ಪುಸ್ತಕ ಹೇಳುತ್ತದೆ.

---

ಮನೆಯ ನಾಯಿಗೆ ಪಾದ ಗಾಯವಾದರೆ

● ಉಗುರುಬೆಚ್ಚಗಿನ ಶುದ್ಧ ನೀರಲ್ಲಿ ತೊಳೆದು, ಬೆರಳ ಸಂದಿನಲ್ಲಿ ಗಾಜು, ಮುಳ್ಳು, ಜಲ್ಲಿಚೂರು ಇದೆಯೇ ನೋಡಿ. ಆಳಕ್ಕೆ ನೆಟ್ಟಿದ್ದರೆ ಕೀಳದೆ ವೈದ್ಯರಿಗೆ ಬಿಡಿ.

● ರಕ್ತ ಬರುತ್ತಿದ್ದರೆ ಒಣ ಬಟ್ಟೆಯಿಂದ ಕೆಲವು ನಿಮಿಷ ಒತ್ತಿ ಹಿಡಿಯಿರಿ.

● ಬ್ಯಾಂಡೇಜು ಸುತ್ತುವಾಗ ಬೆರಳ ನಡುವೆ ಹತ್ತಿ ಇಡಿ, ಬಿಗಿಯಬೇಡಿ. ಒದ್ದೆಯಾದರೆ ತಕ್ಷಣ, ಇಲ್ಲದಿದ್ದರೆ ದಿನಕ್ಕೊಮ್ಮೆ ಬದಲಿಸಿ.

● ಗಾಯ ನೆಕ್ಕಲು ಬಿಡಬೇಡಿ. ಕೊರಳಿಗೆ ಶಂಕುವಿನಾಕಾರದ ಪಟ್ಟಿ ಹಾಕಿ.

● ಮನುಷ್ಯರ ನೋವಿನ ಮಾತ್ರೆ ಬೇಡವೇ ಬೇಡ. ಐಬುಪ್ರೊಫೇನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸಬಲ್ಲದು.

---

ನಿಂತ ನಾಯಿ ಎಲ್ಲಿಗೆ?

ನಾಯಿಯನ್ನು ನಿಲ್ಲಿಸುವ ತೀರ್ಮಾನವಾದರೆ ಕಾಗದಪತ್ರ ತುಂಬಿ, ಆಹಾರವನ್ನೂ ಕಟ್ಟುವ ಸರಪಳಿಯನ್ನೂ ಕೊಟ್ಟು ಮಷರ್ ಮುಂದೆ ಹೊರಡುತ್ತಾರೆ. ತಂಗುದಾಣಗಳ ನಡುವೆ ಕಾಲು ಕೆಟ್ಟರೆ ನಾಯಿ ಬಂಡಿಯೊಳಗೆ ಮಲಗಿ ಪ್ರಯಾಣ ಮಾಡುತ್ತದೆ. ಗಾಯಗೊಂಡ ಇಲ್ಲವೇ ದಣಿದ ನಾಯಿಯನ್ನು ಹೊದಿಸಿ ಸಾಗಿಸುವಷ್ಟು ಜಾಗ ಪ್ರತಿ ಬಂಡಿಯಲ್ಲೂ ಇರಬೇಕೆಂಬುದು ನಿಯಮ.

ನಿಂತ ನಾಯಿಗಳನ್ನು ಒಯ್ಯಲು ಪುಟ್ಟ ವಿಮಾನಗಳು ಬರುತ್ತವೆ. ಹಾರಿಸುವವರೂ ಸ್ವಯಂಸೇವಕರೇ. ಜನ ಪ್ರೀತಿಯಿಂದ ಅವರನ್ನು ಇಡಿಟರಾಡ್ ವಾಯುಪಡೆ ಎನ್ನುತ್ತಾರೆ. ಸೀಟು ತೆಗೆದ ವಿಮಾನದಲ್ಲಿ ಒತ್ತೊತ್ತಾಗಿ ಮಲಗಿದ ನಾಯಿಗಳು ದೊಡ್ಡ ಊರು ತಲುಪಿ, ಅಲ್ಲಿಂದ ಆಂಕರೇಜ್‌ನ ಕಡೆಗೆ ಹೋಗುತ್ತವೆ. ಹಲವು ವರ್ಷಗಳ ಕಾಲ ಅವುಗಳ ಶುಶ್ರೂಷೆ ನಡೆದದ್ದು ಈಗಲ್ ರಿವರ್‌ನ ಹೈಲ್ಯಾಂಡ್ ಮೌಂಟನ್ ಸೆರೆಮನೆಯಲ್ಲಿ. ಕೈದಿಗಳು ಅವಕ್ಕೆ ಊಟ ಹಾಕಿ, ಪಾದಕ್ಕೆ ಮುಲಾಮು ಹಚ್ಚಿ, ಒಡೆಯರ ಮನೆಯವರು ಬರುವವರೆಗೆ ನೋಡಿಕೊಂಡರು.

ವಿಶ್ರಾಂತಿಗೆ ಬಿಟ್ಟ ನಾಯಿಗೂ ಕಾವಲು ಬೇಕೆಂಬ ಪಾಠ ಕಲಿಯಲು ಒಂದು ಜೀವ ಹೋಗಬೇಕಾಯಿತು. 2013ರಲ್ಲಿ ಡೊರಾಡೊ ಎಂಬ ನಾಯಿಯನ್ನು ಉನಲಕ್ಲೀಟ್ ತಂಗುದಾಣದಲ್ಲಿ ಬಿಟ್ಟಿದ್ದರು. ವಿಮಾನಕ್ಕೆ ಕಾಯುತ್ತಿದ್ದಾಗ ಬಿರುಗಾಳಿ ಎದ್ದು, ಹಿಮ ಮುಚ್ಚಿಕೊಂಡು ಅದು ಉಸಿರುಗಟ್ಟಿ ಸತ್ತಿತು. ಓಟಕ್ಕೆ ತಕ್ಕದ್ದಲ್ಲವೆಂದು ಸುರಕ್ಷತೆಗಾಗಿ ನಿಲ್ಲಿಸಿದ ನಾಯಿಯೇ ನಿಂತಲ್ಲಿ ಸತ್ತದ್ದು ಅಲಾಸ್ಕವನ್ನು ಕಲಕಿತು. ಅದರ ನಂತರ ನಾಯಿಗಳಿಗೆ ಗೂಡುಗಳನ್ನು ಕಟ್ಟಿದರು, ವಿಮಾನ ಹಾರಾಟ ಹೆಚ್ಚಿಸಿದರು.

ಗೆದ್ದ ತಂಡಗಳೂ ಹೊರಟಷ್ಟೇ ನಾಯಿಗಳೊಂದಿಗೆ ನೋಮ್ ಮುಟ್ಟುವುದು ಅಪರೂಪ. ನಾಯಿಯನ್ನು ನಿಲ್ಲಿಸುವುದರಲ್ಲಿ ಸೋಲಿಲ್ಲ ಎಂಬುದನ್ನು ಅನುಭವಿ ಮಷರ್‌ಗಳು ಬಲ್ಲರು. ಒಂದು ಕುಂಟುವ ನಾಯಿ ಹದಿನೈದರ ಓಟವನ್ನೂ ಕೆಡಿಸುತ್ತದೆ.

ನಾಯಿಗಳೇ ತೀರ್ಪು ಕೊಟ್ಟ ದಿನ

2019ರ ಓಟದಲ್ಲಿ ನಿಕೊಲಾಸ್ ಪೆಟಿ ಎಲ್ಲರಿಗಿಂತ ಗಂಟೆಗಟ್ಟಲೆ ಮುಂದಿದ್ದರು. ಗೆಲುವು ಕೈಗೆಟಕುವಂತಿತ್ತು. ಶಕ್ಟೂಲಿಕ್ ತಂಗುದಾಣ ದಾಟಿ ಕೋಯುಕ್ ಕಡೆಗೆ, ಸಮುದ್ರದ ಮಂಜುಗಡ್ಡೆಯ ಮೇಲೆ ತಂಡ ನಿಂತಿದ್ದಾಗ ಒಂದು ನಾಯಿ ಇನ್ನೊಂದರ ಮೇಲೆ ಎರಗಿತು. ಪೆಟಿ ಗದರಿದರು. ಆಮೇಲೆ ನಾಯಿಗಳು ಏಳಲಿಲ್ಲ. ಕರೆದರೂ ಇಲ್ಲ, ಊಟ ಹಾಕಿದರೂ ಇಲ್ಲ. ತೊಂದರೆ ಮೈಯದಲ್ಲ, ಮನಸ್ಸಿನದು ಎಂದು ಅವರೇ ಸುದ್ದಿಗಾರರಿಗೆ ಹೇಳಿದರು. ಹಿಂದಿನವರು ಒಬ್ಬೊಬ್ಬರಾಗಿ ದಾಟಿಹೋದರು. ಅವರ ಓಟ ಅಲ್ಲಿಗೆ ಮುಗಿಯಿತು.

ನಾಯಿ ಓಡುವುದು ಇಷ್ಟಪಟ್ಟು. ಇಷ್ಟ ತೀರಿದ ಮೇಲೆ ಸಾವಿರ ಮೈಲಿ ಓಡಿಸುವ ಶಕ್ತಿ ಯಾವ ಮಷರ್‌ಗೂ ಇಲ್ಲ. ಹಾಗೆಂದು ನಿಲ್ಲುವ ತೀರ್ಮಾನವನ್ನು ಪೂರಾ ನಾಯಿಗೆ ಬಿಡುವುದೂ ತಪ್ಪು. ಜತೆಗಾರರ ಹುರುಪಿನಲ್ಲಿ, ಒಡೆಯನ ಮೇಲಿನ ಪ್ರೀತಿಯಲ್ಲಿ ಅಂಗಾಲು ಹರಿದರೂ ಓಡುವ ನಾಯಿಗಳಿವೆ. ಅವುಗಳ ಪರವಾಗಿ ಸಾಕು ಎನ್ನುವವರು ಮನುಷ್ಯರೇ ಆಗಬೇಕು.

ಈ ಹೊಣೆ ಅರಿತವರಿಗೆ ಅಲ್ಲೊಂದು ಗೌರವವಿದೆ. 1925ರ ಓಟದ ಸೆಪ್ಪಾಲ ಹೆಸರಿನಲ್ಲಿ ಕೊಡುವ ಪ್ರಶಸ್ತಿ ನಾಯಿಗಳನ್ನು ಅತ್ಯುತ್ತಮವಾಗಿ ನೋಡಿಕೊಂಡ ಮಷರ್‌ಗೆ ಸಲ್ಲುತ್ತದೆ. ಆರಿಸುವವರು ದಾರಿಯುದ್ದಕ್ಕೂ ಪಾದ ಹಿಡಿದು ನೋಡಿದ ಪಶುವೈದ್ಯರು. 1985ರಲ್ಲಿ ಇಡಿಟರಾಡ್ ಗೆದ್ದ ಮೊದಲ ಮಹಿಳೆ ಲಿಬ್ಬಿ ರಿಡಲ್ಸ್‌ಗೆ ಅದೇ ವರ್ಷ ಈ ಪ್ರಶಸ್ತಿಯೂ ಬಂತು. ವೇಗ ಮತ್ತು ಆರೈಕೆ ಒಟ್ಟಿಗೆ ಸಾಧ್ಯ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

---

ಮುಧೋಳದ ಓಟಗಾರ

ನಮ್ಮಲ್ಲೂ ಓಟಕ್ಕೇ ಹುಟ್ಟಿದ ತಳಿಯೊಂದಿದೆ. ಘೋರ್ಪಡೆ ಅರಸರು ಬೆಳೆಸಿದ ಮುಧೋಳ ನಾಯಿ ಬಾಗಲಕೋಟೆ ಜಿಲ್ಲೆಯ ಹೆಮ್ಮೆ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು. 2016ರಲ್ಲಿ ಸೇನೆಯ ತರಬೇತಿಗೆ ಮೀರತ್‌ಗೆ ಹೋಯಿತು. ಮುಧೋಳ ಬಳಿಯ ತಿಮ್ಮಾಪುರದಲ್ಲಿ ಇದರ ಸಂಶೋಧನಾ ಕೇಂದ್ರವಿದೆ.

ಬಂಡಿ ಎಳೆಯುವ ಹಸ್ಕಿ ನಾಯಿಗೆ ಹಿಮ ಶತ್ರುವಾದರೆ ಇದಕ್ಕೆ ಬಿಸಿಲು, ಜಲ್ಲಿ, ಮುಳ್ಳು. ತೆಳು ಚರ್ಮ, ಕಡಿಮೆ ಕೂದಲು, ತೀವ್ರ ವೇಗ ಸೇರಿ ಉಗುರು ಮುರಿಯುವುದು, ಮೆತ್ತೆ ಹರಿಯುವುದು ಸುಲಭ. ಗಾಳಿಯ ಉಷ್ಣಾಂಶ 25 ಡಿಗ್ರಿ ಇದ್ದಾಗಲೇ ಬಿಸಿಲಿನ ಡಾಂಬರು 50 ಡಿಗ್ರಿ ದಾಟಬಲ್ಲದು. ಅಂಗೈಯ ಹಿಂಭಾಗವನ್ನು ರಸ್ತೆಗೆ ಏಳು ಸೆಕೆಂಡು ಇಟ್ಟು ನೋಡಿ. ತಡೆಯಲಾಗದಿದ್ದರೆ ನಾಯಿಗೂ ಆ ರಸ್ತೆ ಬೇಡ.

---

ನಲವತ್ತು ಗಂಟೆ ಸಾಕೆ?

ಇಡಿಟರಾಡ್ ನಿಲ್ಲಿಸಿ ಎನ್ನುವ ದನಿ ಹಳೆಯದು. ಪ್ರಾಣಿದಯಾ ಸಂಘಟನೆ ಪೀಟಾ ವರ್ಷವರ್ಷವೂ ಪ್ರತಿಭಟಿಸುತ್ತದೆ. ಅಲಾಸ್ಕ ಏರ್‌ಲೈನ್ಸ್ 2020ರಲ್ಲಿ, ಎಕ್ಸಾನ್‌ಮೊಬಿಲ್ 2021ರಲ್ಲಿ ಪ್ರಾಯೋಜಕತ್ವದಿಂದ ಹಿಂದೆ ಸರಿದವು. 2024ರ ಓಟದಲ್ಲಿ ಮೂರು ನಾಯಿಗಳು ಸತ್ತಾಗ ಪ್ರಶ್ನೆ ಮತ್ತಷ್ಟು ಹರಿತವಾಯಿತು.

ಮಷರ್‌ಗಳ ಮಾತನ್ನೂ ತಳ್ಳಿಹಾಕುವಂತಿಲ್ಲ. ಬೇಸಿಗೆ ಮುಗಿಯುತ್ತಲೇ ಅಭ್ಯಾಸ ಶುರುಮಾಡಿ, ತಿಂಗಳುಗಟ್ಟಲೆ ಮೆತ್ತೆ ಗಟ್ಟಿಮಾಡಿ, ಹೃದಯದ ಇಸಿಜಿ ಮತ್ತು ರಕ್ತ ಪರೀಕ್ಷೆ ಮಾಡಿಸಿ ತಂದ ನಾಯಿಗಳಿವು. ಅವಕ್ಕೆ ಸಿಗುವ ವೈದ್ಯಕೀಯ ಕಣ್ಗಾವಲು ಎಷ್ಟೋ ಮನೆಗಳ ನಾಯಿಗೆ ಸಿಗುವುದಿಲ್ಲ. ಎಳೆಯುವ ಹಗ್ಗ ಕಂಡರೆ ಸಾಕು, ಹಾರಿ ಕುಣಿಯುವ ಪ್ರಾಣಿಯನ್ನು ಬಂಧಿಸಿಡುವುದೂ ದಯೆಯಲ್ಲ.

ಆದರೂ ಒಂದು ಲೆಕ್ಕ ಉಳಿದೇ ಉಳಿಯುತ್ತದೆ. ಕಡ್ಡಾಯ ವಿಶ್ರಾಂತಿ ಎಲ್ಲ ಸೇರಿ ನಲವತ್ತು ಗಂಟೆ. ಗೆಲ್ಲುವ ತಂಡ ದಾರಿಯಲ್ಲಿ ಕಳೆಯುವ ಹೊತ್ತು ಇನ್ನೂರು ಗಂಟೆಯ ಆಸುಪಾಸು. ಉಳಿದ ವಿಶ್ರಾಂತಿಯೆಲ್ಲ ಮಷರ್‌ಗಳ ವಿವೇಕಕ್ಕೆ ಬಿಟ್ಟದ್ದು. ಆ ವಿವೇಕ ಹೆಚ್ಚಿನವರಲ್ಲಿದೆ. ಆದರೆ ಬಹುಮಾನದ ಹಣ, ಹಿಂದೆ ಅಟ್ಟಿ ಬರುವ ಎದುರಾಳಿ, ಮೂರು ದಿನದ ನಿದ್ದೆಗೆಟ್ಟ ಕಣ್ಣು ಸೇರಿದಾಗ ಎಂಥವರ ವಿವೇಕವೂ ಮಸುಕಾಗಬಹುದು.

ಹಿಮ ಕಡಿಮೆಯಾಗುತ್ತಿದೆ, ದಾರಿ ಒರಟಾಗುತ್ತಿದೆ. ಸವೆಯುವುದು ನಾಯಿಯ ಅಂಗಾಲು. ಆದ್ದರಿಂದ ಈ ಓಟ ಮುಂದುವರಿಯಬೇಕಾದರೆ ಕಡ್ಡಾಯ ವಿಶ್ರಾಂತಿಯ ಗಂಟೆಗಳು ಹೆಚ್ಚಬೇಕು. ನಾಯಿಯನ್ನು ನಿಲ್ಲಿಸುವ ವಿಷಯದಲ್ಲಿ ಕೊನೆಯ ಮಾತು ಪಶುವೈದ್ಯರದಾಗಬೇಕು. ದಾಖಲೆಯ ವೇಗ ಒಂದು ದಿನ ಹಿಂದೆ ಬಿದ್ದರೆ ಯಾರಿಗೂ ನಷ್ಟವಿಲ್ಲ.

ನಾಯಿ ಸಾಕಿದ ಓದುಗರಿಗೂ ಇಲ್ಲಿ ಒಂದು ಕೆಲಸವಿದೆ. ವಾಕಿಂಗ್ ಮುಗಿಸಿ ಬಂದಾಗ ನಾಲ್ಕೂ ಪಾದದ ಬೆರಳ ಸಂದು ಬಿಡಿಸಿ ನೋಡಿ. ಕುಂಟುತ್ತಿದ್ದರೆ ಅಂದಿನಿಂದಲೇ ಓಟ, ಚೆಂಡಾಟ, ಮೆಟ್ಟಿಲು ನಿಲ್ಲಿಸಿ. ಒಂದು ದಿನದಲ್ಲಿ ಸುಧಾರಿಸದಿದ್ದರೆ ಪಶುವೈದ್ಯರ ಬಳಿ ಕರೆದೊಯ್ಯಿರಿ. ವಾಸಿಯಾದ ಮೇಲೂ ಮೊದಲ ವಾರ ನಡಿಗೆ ಮಾತ್ರ ಇರಲಿ, ಓಟ ಆಮೇಲೆ.